ಒಂದು ಬಸ್ಸಿನ ಅನ್ನ

ನೆನೆದ ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಹಂಡೆಗೆ ಸುರಿಯುತ್ತಿದ್ದ ಯೊನ್‌ಸಿಮಳ ಕೈಯನ್ನು ಮಾಕ್‌ಸುನ್ ಹಿಂದಿನಿಂದ ಬಂದು ಹಿಡಿದುಕೊಂಡಳು.

"ಎಷ್ಟು ಹಾಕ್ತಾ ಇದೀಯೇ?"

"ಒಂದು ಬಸ್ಸು, ದೊಡ್ಡಮ್ಮ."

"ತಲೆ ನೆಟ್ಟಗಿದೆಯಾ ನಿಂಗೆ? ಊರಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲಾರನ್ನೂ ಕೊಂಡೊಯ್ದು ಪೇಟೆ ಶಾಲೇಲಿ ಕೂಡಿಹಾಕಿದಾರೆ. ಈ ಅನ್ನ ಯಾರು ತಿಂತಾರೆ, ಮೇಲೆ ಹಾರೋ ಹೆಲಿಕಾಪ್ಟರಾ?"

ಯೊನ್‌ಸಿಮ್ ಹಂಡೆಯೊಳಗೆ ನೋಡಿದಳು. ಅಳತೆ ಮಾಡಿದ್ದು ಅವಳಲ್ಲ, ಅವಳ ಕೈ. ಉತ್ತರದವರ ಗಡಿಗೆ ಅಂಟಿಕೊಂಡ ದಕ್ಷಿಣದ ಈ ಕೊನೆಯ ಊರಿನಲ್ಲಿ ಅಡುಗೆಯ ಅಕ್ಕಿಯನ್ನು ಸೇರಿನಲ್ಲಿ ಅಳೆಯುವುದು ಎಂದೋ ಬಿಟ್ಟುಹೋಗಿತ್ತು. ಅರ್ಧ ಬಸ್ಸು, ಒಂದು ಬಸ್ಸು, ಮೂರು ಬಸ್ಸು. ಮದುವೆಗೂ ಅದೇ ಲೆಕ್ಕ, ಸಾವಿಗೂ ಅದೇ. ಪ್ರವಾಸಿಗಳ ಬಸ್ಸುಗಳು ಬರುವುದು ನಿಂತು ಏಳು ವರ್ಷವಾಗಿತ್ತು. ಅಳತೆ ಮಾತ್ರ ಉಳಿದುಕೊಂಡಿತ್ತು.

"ಪೊಲೀಸಿನವರು ನಿಮ್ಮನ್ನೂ ಹೋಗಿ ಅಂದಿರ್ಲಿಲ್ವಾ?"

"ಅಂದ್ರು. ನಂಗೆ ಕಿವಿ ಕೇಳಲ್ಲ ಅಂದೆ. ಮೂವತ್ತು ವರ್ಷ ಪಕ್ಕದ ಅಂಗಡೀಲಿ ಕೂತು ಒಣಮೀನು ಮಾರಿದೀನಿ. ನಿಮ್ಮತ್ತೆ ಹೋಗೋ ದಿವಸ ನಾನು ಶಾಲೆ ಬೆಂಚಿನ ಮೇಲೆ ಬಿಸ್ಕತ್ತು ತಿಂತಾ ಕೂರ್ಲಾ?"

ಅಷ್ಟರಲ್ಲಿ ಬೀದಿಯ ಕಂಬದ ಮೇಲಿನ ಧ್ವನಿವರ್ಧಕ 'ಕರ್‌ರ್' ಎಂದಿತು. ಇಬ್ಬರೂ ನಿಂತಲ್ಲೇ ನಿಂತರು. ಯೊನ್‌ಸಿಮಳ ಬೆರಳ ಸಂದಿಯಿಂದ ಅಕ್ಕಿ ಕಾಳುಗಳು ಜಾರಿ ನೆಲಕ್ಕೆ ಬಿದ್ದವು.

"ಸಾವಿನ ಮನೆಯೋರಿಗೆ." ಊರ ಮುಖ್ಯಸ್ಥ ಪ್ಯೋ ಅವರ ದನಿ. ಆ ಕಂಬದಿಂದ ಇದುವರೆಗೆ ಅವರ ದನಿ ಬಿಟ್ಟು ಬೇರೆ ದನಿ ಬಂದದ್ದೇ ಇಲ್ಲ. "ಗೋರಿ ಕಡೆ ಹೋಗೋ ಗೇಟು ತೆಗೀತಾರೋ ಇಲ್ವೋ ಅಂತ ಸೇನೆಯವರು ಇನ್ನೂ ಹೇಳಿಲ್ಲ. ಮಧ್ಯಾಹ್ನದ ತನಕ ಕಾಯೋಣ. ಸಂಜೆ ಐದಕ್ಕೆ ಆ ಕಡೆಯೋರು ಕೊಟ್ಟ ಗಡುವು ಮುಗಿಯುತ್ತೆ, ಆಮೇಲೆ ಮತ್ತೆ ತೋಪು ಹಾರಿಸ್ತಾರಂತೆ. ಅಷ್ಟರೊಳಗೆ ಊರು ಪೂರ್ತಿ ಖಾಲಿ ಆಗ್ಬೇಕು."

ದನಿ ನಿಂತಮೇಲೆ ಮಾಕ್‌ಸುನ್ ಅಂಗಿಯ ತೋಳು ಮೇಲಕ್ಕೆ ಮಡಚಿ, "ಸರಿ, ಒಲೆ ಹಚ್ಚು," ಅಂದಳು. "ಹಾಕಿದ್ದಾಯ್ತು. ನೆನೆದ ಅಕ್ಕೀನ ವಾಪಸ್ ಮೂಟೆಗೆ ತುಂಬಕ್ಕಾಗುತ್ತಾ?"

ಹೋಟೆಲಿನ ಊಟದ ಹಾಲ್‌ನಲ್ಲಿ ಮೇಜುಗಳನ್ನು ಗೋಡೆಗೆ ಒಟ್ಟಿದ್ದರು. ನಡುವೆ ಮಡಚುವ ತೆರೆ, ತೆರೆಯ ಹಿಂದೆ ಹೆಣದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಅತ್ತೆ ಪಿಲ್‌ಲ್ಯೆ. ತೆರೆಯ ಮುಂದಿನ ಚಿತ್ರದಲ್ಲಿ ಅವಳು ಯಾರನ್ನೋ ಗದರುವ ಮುಖ ಮಾಡಿಕೊಂಡಿದ್ದಳು. ಚಿತ್ರ ತೆಗೆಯುವವನು ನಗು ಅಂದದ್ದಕ್ಕೆ ಬಂದ ಮುಖ ಅದು. ಬಾಗಿಲ ಹೊರಗೆ ಸಾವಿನ ದೂತರಿಗೆಂದು ಇಟ್ಟ ಮೂರು ಬಟ್ಟಲು ಅನ್ನಕ್ಕೆ ನೊಣ ಮುತ್ತಿತ್ತು. ಆಗಸ್ಟಿನ ಸೆಕೆಗೆ ಪೆಟ್ಟಿಗೆಯ ಸುತ್ತ ಇಟ್ಟಿದ್ದ ಮಂಜುಗಡ್ಡೆ ಕರಗಿ ನೆಲವೆಲ್ಲ ಒದ್ದೆ.

ಯೊನ್‌ಸಿಮಳ ಗಂಡ ತೆಸಿಕ್ ಫೋನು ಕಿವಿಯಿಂದ ಇಳಿಸಿ ಹೇಳಿದ, "ಸೊಕ್‌ಚೋ ಪೇಟೆಯ ಹೆಣ ಸುಡೋ ಜಾಗದಲ್ಲಿ ಮೂರು ಗಂಟೆಗೆ ಒಂದು ಸರದಿ ಖಾಲಿ ಇದೆಯಂತೆ."

"ಬೇಡ ರೀ."

"ಗೇಟು ತೆಗೀದಿದ್ರೆ ಏನು ಮಾಡ್ತೀಯೆ? ನಾಳೆ ಇರುತ್ತಾ ಈ ಊರು ಅನ್ನೋದೇ ಗೊತ್ತಿಲ್ಲ. ಅಮ್ಮನ್ನ ಇಲ್ಲೇ ಬಿಟ್ಟು ಓಡೋ ಹಾಗಾದ್ರೆ?"

ಯೊನ್‌ಸಿಮಳ ಎದೆಯಲ್ಲಿ ಕೂತಿದ್ದ ಭಯವೂ ಅದೇ. ಮಾವನ ಗೋರಿ ಇದ್ದದ್ದು ಸೇನೆಯ ಗೇಟಿನ ಆಚೆಯ ಇಳಿಜಾರಿನಲ್ಲಿ. ಅದರ ಪಕ್ಕದ ತುಂಡು ನೆಲ ಅತ್ತೆಯದು. ಇಂದು ತಪ್ಪಿದರೆ ಆ ಗೇಟು ಮತ್ತೆ ಯಾವಾಗ ತೆರೆಯುತ್ತದೋ. ಸುಟ್ಟರೆ ಬೂದಿಯನ್ನು ಪೇಟೆಯ ಕಟ್ಟಡದ ಗೋಡೆಯಲ್ಲಿ ನಂಬರು ಬರೆದ ಗೂಡಿನಲ್ಲಿಟ್ಟು ಬಾಗಿಲು ಹಾಕುತ್ತಾರೆ. ತೋಪಿನ ಸದ್ದಿಗೂ ಕಣ್ಣು ಮಿಟುಕಿಸದ ಪಿಲ್‌ಲ್ಯೆ ಹೆದರಿದ್ದು ಅದೊಂದಕ್ಕೇ. "ನನ್ನನ್ನ ಗೂಡಲ್ಲಿಟ್ಟು ಮುಚ್ಚಿಬಿಡಬೇಡ್ರೇ" ಎಂದು ಸೊಸೆಯ ಮೊಣಕೈ ಹಿಡಿದು ಹೇಳಿದ್ದಳು. "ನಿಮ್ಮಾವ ಅಲ್ಲಿ ಒಬ್ಬನೇ ಕೂತು, ಇವಳು ಇನ್ನೂ ಅಂಗಡಿ ಮುಚ್ಚಲಿಲ್ಲವಾ ಅಂತ ಬಯ್ಕೋತಾ ಇರ್ತಾನೆ."

*

ಬೆಟ್ಟದ ದಾರಿ ತೆರೆದ ಕಾಲ ಒಂದಿತ್ತು. ಗಡಿಯಾಚೆಯ ಕುಮ್‌ಗಾಂಗ್ ಬೆಟ್ಟ ನೋಡಲು ದಕ್ಷಿಣದ ಜನ ಬಸ್ಸು ಕಟ್ಟಿಕೊಂಡು ಬರುತ್ತಿದ್ದರು. ಎಲ್ಲ ಬಸ್ಸೂ ಈ ಊರನ್ನು ಹಾದೇ ಹೋಗಬೇಕು. ಅಡುಗೆಮನೆ ದೊಡ್ಡದು ಮಾಡಿ, ಕಕ್ಕಸು ಕಟ್ಟಿಸಿ, ಇನ್ನೂ ಎರಡರಷ್ಟು ಜನ ಬರುತ್ತಾರೆ ಎಂದು ಮೇಲಿನ ಅಧಿಕಾರಿಗಳೇ ಬಂದು ಹೇಳಿ ಹೋದರು. ಮೀನು ಹಿಡಿಯುವವರು ದೋಣಿ ಮಾರಿ ಹೋಟೆಲು ತೆಗೆದರು.

ಸಂಜೆ ಪ್ಯೋ ಅವರು ಕಂಬದಲ್ಲಿ ಕೂಗುತ್ತಿದ್ದರು: "ನಾಳೆ ಇಪ್ಪತ್ತೆರಡು ಬಸ್ಸು! ಪಿಲ್‌ಲ್ಯೆ ಅಕ್ಕನಿಗೆ ಎಂಟು!" ಬೆಳಿಗ್ಗೆ ತಿರುವಿನ ಪೈನ್ ಮರದ ಹತ್ತಿರ ಬಂದಾಗ ಮಾ ಡ್ರೈವರು ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಆ ಸದ್ದಿಗೆ ಪಿಲ್‌ಲ್ಯೆಯ ಸೌಟು ಹಂಡೆಗಿಳಿಯುತ್ತಿತ್ತು. ಜನ ಇಳಿದು ಬಂದು ಕೂರುವುದಕ್ಕೂ ಒಣಮೀನು ಮೂಲಂಗಿಯ ಸಾರು ಬಟ್ಟಲಲ್ಲಿ ಹಬೆಯಾಡುವುದಕ್ಕೂ ಸರಿಹೋಗುತ್ತಿತ್ತು.

"ಮಾತು ಆಮೇಲೆ, ಮೊದಲು ಉಣ್ಣಿ!" ಎಂದು ಗಿರಾಕಿಗಳನ್ನೇ ಬಯ್ಯುವಳು. "ಬೆಟ್ಟ ಎಲ್ಲಿಗೂ ಓಡಿಹೋಗಲ್ಲ. ಸಾರು ಆರಿಹೋಗುತ್ತೆ."

ಬೆಟ್ಟ ಓಡಿಹೋಗಲಿಲ್ಲ. ದಾರಿ ಹೋಯಿತು. ಜುಲೈ ತಿಂಗಳ ಒಂದು ದಿನ ಎಂಟು ಬಸ್ಸಿನ ಅನ್ನ ಬೆಂದು ಕೂತಿತ್ತು, ಹಾರ್ನ್ ಮಾತ್ರ ಕೇಳಲಿಲ್ಲ. ಹೊತ್ತೇರಿದ ಮೇಲೆ ಕಂಬ 'ಕರ್‌ರ್' ಎಂದಿತು. ಆ ಕಡೆ ಕಡಲದಂಡೆಯಲ್ಲಿ ನಡೆಯುತ್ತಿದ್ದ ಪ್ರವಾಸಿ ಹೆಂಗಸೊಬ್ಬಳಿಗೆ ಗುಂಡು ಬಿದ್ದಿದೆ, ಸರ್ಕಾರ ಯಾತ್ರೆ ನಿಲ್ಲಿಸಿದೆ, ಬಸ್ಸುಗಳು ಅರ್ಧ ದಾರಿಯಿಂದ ಹಿಂದಿರುಗಿವೆ ಎಂದರು ಪ್ಯೋ. "ಹತ್ತು ಹದಿನೈದು ದಿನದಲ್ಲಿ ಸರಿಹೋಗುತ್ತೆ ಅಂತಾರೆ" ಎಂದೂ ಸೇರಿಸಿದರು. ಅನ್ನ ಹಳಸಿ, ಊರ ತುಂಬ ಹುಳಿ ನಾತ ಹಬ್ಬಿತು. ನಾಯಿಗಳೂ ತಿಂದು ಸಾಕಾಗಿ ಮೂತಿ ತಿರುಗಿಸಿದವು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ತೆಸಿಕ್ ದೂರದ ಕಾರ್ಖಾನೆ ಸೇರಿದ. ಮಾ ಡ್ರೈವರು ತನ್ನ ಬಸ್ಸಿಗೆ ಕಪ್ಪು ಪಟ್ಟಿ ಬಳಿಸಿ ಹೆಣ ಸಾಗಿಸುವ ಬಸ್ಸು ಮಾಡಿಕೊಂಡ. ಪ್ರವಾಸಿಗಳ ಪೆಟ್ಟಿಗೆ ಇಡುತ್ತಿದ್ದ ಕೆಳಗಿನ ಗೂಡಿನಲ್ಲಿ ಈಗ ಬೇರೆ ಪೆಟ್ಟಿಗೆ. ಪಿಲ್‌ಲ್ಯೆ ಬೋರ್ಡು ಇಳಿಸಲಿಲ್ಲ. ದಾರಿಹೋಕ ಸೈನಿಕರಿಗೆ, ಕಡಲಕಳೆ ಹೆಕ್ಕುವವರಿಗೆ ಚಿಕ್ಕ ಪಾತ್ರೆಯಲ್ಲಿ ಬೇಯಿಸಿ ಹಾಕುತ್ತ, ದೊಡ್ಡ ಹಂಡೆಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರುತ್ತ ಇದ್ದಳು.

ಮೊನ್ನೆ ಸಂಜೆ ಎರಡೂ ಕಡೆ ತೋಪು ಹಾರಿತು. ಊರು ಬಿಡಿ ಎಂದು ಕಂಬ ಕೂಗಿತು. ಜನರನ್ನು ಸಾಗಿಸಲು ಸಿಕ್ಕಿದ್ದು ಮಾ ಡ್ರೈವರನ ಬಸ್ಸು. ಸೆಕೆಗೆ ಸುಸ್ತಾಗಿ ಮಲಗಿದ್ದ ಪಿಲ್‌ಲ್ಯೆಗೆ ಯೊನ್‌ಸಿಮ್ ಬಟ್ಟೆ ಗಂಟು ಕಟ್ಟುತ್ತಿದ್ದಳು. ಪೈನ್ ಮರದ ತಿರುವಿನಲ್ಲಿ ಎರಡು ಸಲ ಹಾರ್ನ್ ಕೇಳಿತು.

"ಬಂದ್ರು ಕಣೇ!" ಎಂದು ಮುದುಕಿ ಎದ್ದೇಬಿಟ್ಟಳು. ಸೊಸೆ ಹಿಡಿಯುವಷ್ಟರಲ್ಲಿ ಅಡುಗೆಮನೆ ಸೇರಿ, ದೊಡ್ಡ ಒಲೆಯ ಬಾಯಿಗೆ ಕಟ್ಟಿಗೆ ತುರುಕಿ, ಸೌಟಿಗೆ ಕೈ ಹಾಕಿದಳು. ಸೌಟು ಬಿದ್ದ ಸದ್ದು ಮೊದಲು ಕೇಳಿತು. ಆಮೇಲೆ ಅವಳು ಬಿದ್ದದ್ದು.

*

ಹನ್ನೆರಡು ದಾಟಿದ ಮೇಲೆ ಪ್ಯೋ ಅವರು ಕಂಬದಲ್ಲಿ ಕೂಗದೆ ತಾವೇ ಓಡಿಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

"ಬಿಡ್ತಾರಂತೆ. ಪೆಟ್ಟಿಗೆ ಮತ್ತು ನಾಲ್ಕು ಜನ. ನಾಲ್ಕು ಗಂಟೆ ಒಳಗೆ ಆಚೆ ಬಂದುಬಿಡ್ಬೇಕು. ಗುಂಡೀನ ಅವರೇ ತೋಡಿದಾರೆ."

"ಹೆಣ ಎತ್ತೋಕೆ ನಾಲ್ಕು ಜನ ಸಾಕಾ?" ಅಂದ ತೆಸಿಕ್. "ಗಂಡಸರು ನಾವು ಮೂವರೇ."

"ಸೊಸೆ ಹಿಡೀತಾಳೆ," ಅಂದಳು ಮಾಕ್‌ಸುನ್. "ಎಂಟು ಬಸ್ಸಿನ ಹಂಡೆ ಎತ್ತಿದ ತೋಳು ಅವಳದ್ದು. ನಿನಗಿಂತ ಗಟ್ಟಿ."

"ನೀವು, ದೊಡ್ಡಮ್ಮ?" ಎಂದಳು ಯೊನ್‌ಸಿಮ್.

"ನಂಗೆ ಒಲೆ ಮೇಲೆ ಅನ್ನ ಇದೆ. ಹೋಗಿ ಹೋಗಿ, ಬೇಗ."

ಬಸ್ಸು ಹೊರಟಿತು. ಖಾಲಿ ಆಸನಗಳ ಬಟ್ಟೆ ಹೊದಿಕೆಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಮಾ ಡ್ರೈವರು ಕನ್ನಡಿಯಲ್ಲಿ ಯೊನ್‌ಸಿಮಳನ್ನು ನೋಡಿದ, ಕಣ್ಣು ತಪ್ಪಿಸಿದ, ಮತ್ತೆ ನೋಡಿದ.

"ತಂಗಿ, ಅಕ್ಕ ಹೋಗಿದ್ದು ಎಷ್ಟೊತ್ತಿಗೆ?"

"ಸಂಜೆ."

"ನಾನು ಬಸ್ಸು ತರೋಕೆ ಮುಂಚೇನಾ, ಆಮೇಲಾ?"

"ಗೇಟು ಬಂತು ನೋಡಿ, ಅಣ್ಣ," ಎಂದಳು ಅವಳು.

ಗೇಟಿನ ಅಧಿಕಾರಿ ಬಸ್ಸಿಗೆ ಹತ್ತಿ, ಆಸನಗಳ ಕೆಳಗೆಲ್ಲ ಬಗ್ಗಿ ನೋಡಿದ. ಕೆಳಗಿನ ಗೂಡು ತೆಗೆಸಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, ತಕ್ಷಣ ಟೋಪಿ ತೆಗೆದ. ಮಾತು ಪಿಸುಗುಟ್ಟಿದಂತಿತ್ತು. "ಬಿಳಿ ಪಟ್ಟಿ ದಾಟಿ ಒಂದು ಹೆಜ್ಜೆ ಇಡಬೇಡಿ. ಪಕ್ಕದಲ್ಲಿ ನೆಲಬಾಂಬು ಇವೆ. ಅಳೋದು ಬೇಡ. ಹಾಡೋದಂತೂ ಬೇಡವೇ ಬೇಡ. ಆ ಕಡೆ ಕಾವಲಿಗೆ ಕೇಳಿಸುತ್ತೆ."

ಬಿಳಿ ಪಟ್ಟಿಗಳ ನಡುವಿನ ದಾರಿ ಪೆಟ್ಟಿಗೆಗಿಂತ ಒಂದು ಮೊಳ ಮಾತ್ರ ಹೆಚ್ಚು ಅಗಲವಿತ್ತು. ಯೊನ್‌ಸಿಮ್ ಹಿಂದಿನ ಎಡ ಮೂಲೆ ಹಿಡಿದಿದ್ದಳು. ಅವಳ ಎಡಗಾಲು ಪಟ್ಟಿಯನ್ನು ಸವರುತ್ತ ಹೋಗುತ್ತಿತ್ತು. ಪಟ್ಟಿಯಾಚೆಯ ಹುಲ್ಲಿನಲ್ಲಿ ಹಳದಿ ಹೂ ಬಿಟ್ಟಿತ್ತು. ಏನೂ ಆಗದ ಹಾಗೆ ಒಂದು ಚಿಟ್ಟೆ ಕೂತಿತ್ತು. ಅಂಗೈ ಬೆವರಿಗೆ ಹಗ್ಗ ಜಾರಿತು. ಪೆಟ್ಟಿಗೆ ವಾಲಿತು. ಮುಂದಿದ್ದ ತೆಸಿಕ್ ಹಿಂದೆ ತಿರುಗದೆ, "ಅಮ್ಮಾ..." ಅಂದ. ಬಯ್ಯಬೇಡ ಎನ್ನುವ ಹಾಗಿತ್ತು. ಯೊನ್‌ಸಿಮ್ ಮೊಣಕಾಲನ್ನು ಪೆಟ್ಟಿಗೆಯ ಅಡಿಗೆ ಕೊಟ್ಟು ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಳು. ಮತ್ತೆ ನಡೆದರು.

ಗುಂಡಿ ಮಾವನ ಪಕ್ಕದಲ್ಲೇ ಇತ್ತು. ಪೆಟ್ಟಿಗೆ ಇಳಿಯಿತು. ಮಣ್ಣು ಮುಚ್ಚಿದರು. ಇನ್ನು ತುಳಿಯಬೇಕು. ಈ ನಾಡಿನಲ್ಲಿ ಗೋರಿಯ ಮಣ್ಣನ್ನು ಹಾಡುತ್ತ ತುಳಿಯುತ್ತಾರೆ. ಒಬ್ಬ ಸೊಲ್ಲು ಎತ್ತಿದರೆ ಉಳಿದವರು ಓಗೊಡುತ್ತ, ಹಾಡಿಗೆ ತಕ್ಕಂತೆ ಕಾಲು ಹಾಕುತ್ತಾರೆ. ಊರ ಸಾವುಗಳಲ್ಲೆಲ್ಲ ಸೊಲ್ಲು ಎತ್ತುತ್ತಿದ್ದವರು ಪ್ಯೋ. ಅವರು ಮಣ್ಣಿನ ಮೇಲೆ ನಿಂತು ಬಾಯಿ ತೆರೆದರು. ದನಿ ಹೊರಡಿಸಲಿಲ್ಲ. ತುಟಿ ಮಾತ್ರ ಆಡಿತು. ಆ ತುಟಿಗಳನ್ನೇ ನೋಡುತ್ತ ಉಳಿದ ಮೂವರೂ ಅವರೊಂದಿಗೆ ಸುತ್ತು ಬಂದು ತುಳಿದರು. ಹೆಜ್ಜೆಯ ಧಪ್ ಧಪ್ ಬಿಟ್ಟರೆ ಇಳಿಜಾರಿನಲ್ಲಿ ಇನ್ನೇನೂ ಕೇಳಲಿಲ್ಲ. ಕೆಳಗೆ ಉತ್ತರಕ್ಕೆ ಹೋಗುವ ಹೆದ್ದಾರಿ ಬಿಸಿಲಿಗೆ ಬಿದ್ದುಕೊಂಡಿತ್ತು. ಟಾರಿನ ಬಿರುಕಿನಲ್ಲಿ ಎದೆಮಟ್ಟ ಹುಲ್ಲು.

ಅಧಿಕಾರಿ ಗಡಿಯಾರ ನೋಡಿದ. ಸಾಕು ಎನ್ನುತ್ತಾನೆಂದು ಯೊನ್‌ಸಿಮ್ ಇನ್ನೂ ಬೇಗ ಬೇಗ ಕಾಲು ಹಾಕಿದಳು.

"ಈ ಮೂಲೆ ಇನ್ನೂ ಸ್ವಲ್ಪ ತುಳೀರಿ," ಎಂದ ಅವನು, ಬೆನ್ನು ತಿರುಗಿಸಿಕೊಂಡೇ. "ಮಳೆ ಬಂದ್ರೆ ಕುಸಿಯುತ್ತೆ."

*

ಗೇಟು ಹಿಂದೆ ಮುಚ್ಚಿಕೊಂಡ ಸದ್ದು ಬಸ್ಸಿನೊಳಗೂ ಕೇಳಿತು. ಪೈನ್ ಮರ ಕಾಣುತ್ತಲೇ ಮಾ ಡ್ರೈವರು ಬಸ್ಸು ನಿಲ್ಲಿಸಿಬಿಟ್ಟ. ಎರಡೂ ಕೈಯನ್ನು ಹಾರ್ನಿನಿಂದ ದೂರ ಹಿಡಿದು, ಬಿಸಿ ಪಾತ್ರೆಯ ಮುಂದೆ ನಿಂತವನ ಹಾಗೆ ಕೂತ.

"ಕೈ ಅಭ್ಯಾಸ, ತಂಗಿ. ಮೊನ್ನೆ ತಾನಾಗೇ ಹೋಯ್ತು. ಹೊಡೆದಮೇಲೇ ಗೊತ್ತಾಗಿದ್ದು. ಅಕ್ಕನಿಗೆ ಕೇಳಿಸ್ತಾ?"

ತೆಸಿಕ್ ಹೆಂಡತಿಯ ಮುಖ ನೋಡಿದ. ಅವನಿಗೂ ಅವಳು ಹೇಳಿರಲಿಲ್ಲ.

"ಕೇಳಿಸ್ತು," ಎಂದಳು ಯೊನ್‌ಸಿಮ್. "ಖುಷಿಯಿಂದ ಎದ್ರು."

ಮಾ ಡ್ರೈವರು ಎರಡೂ ಕೈಯನ್ನು ಮಡಿಲಿಗೆ ಇಳಿಸಿಕೊಂಡ.

"ಹೊಡೀರಿ, ಅಣ್ಣ. ಒಳಗೆ ದೊಡ್ಡಮ್ಮ ಒಬ್ರೇ ಇದಾರೆ. ಸೌಟು ಯಾವಾಗ ಇಳಿಸ್ಬೇಕು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?"

ಅವನು ಎರಡು ಸಲ ಹೊಡೆದ. ಖಾಲಿ ಊರಿನ ಗೋಡೆಗಳು ಅದನ್ನು ಒಂದರಿಂದೊಂದಕ್ಕೆ ದಾಟಿಸಿದವು.

ಹೋಟೆಲಿನ ಹೊಗೆಗೂಡಿನಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ತೆರೆದ ಬಾಗಿಲಿನಿಂದ ಊಟದ ಹಾಲ್ ಪೂರ್ತಿ ಕಾಣುತ್ತಿತ್ತು. ಗೋಡೆಗೆ ಒಟ್ಟಿದ್ದ ಮೇಜುಗಳನ್ನೆಲ್ಲ ಮಾಕ್‌ಸುನ್ ಒಬ್ಬಳೇ ಎಳೆದು ಸಾಲಾಗಿ ಹಾಕಿದ್ದಳು. ಸಾಲು ಸಾಲಿಗೂ ಅನ್ನದ ಬಟ್ಟಲು, ಹುಳಿಬಂದ ಕೋಸಿನ ಕಿಮ್ಚಿಯ ತಟ್ಟೆ, ಚಮಚ. ಒಂದು ಬಸ್ಸಿಗೆ ಆಗುವಷ್ಟು. ಅವಳು ಸೌಟು ಹಿಡಿದು ಮೊದಲ ಮೇಜಿನಿಂದ ಸಾರು ಬಡಿಸಿಕೊಂಡು ಬರುತ್ತಿದ್ದಳು. ತಲೆ ಎತ್ತಲಿಲ್ಲ.

ನಾಲ್ವರು ಬಸ್ಸಿನ ಮೆಟ್ಟಿಲಿಗೆ ಬಂದರು. ಪ್ಯೋ ಎಲ್ಲರಿಗಿಂತ ಮುಂದಿದ್ದರು. ಒಂದು ಕಾಲು ನೆಲಕ್ಕಿಟ್ಟಿದ್ದರು.

ಕಂಬದ ಮೇಲೆ 'ಕರ್‌ರ್' ಎಂದಿತು.

ಮೂವರೂ ಪ್ಯೋ ಅವರ ಮುಖ ನೋಡಿದರು. ಅವರ ಬಾಯಿ ಮುಚ್ಚಿತ್ತು. ಅವರೂ ಕತ್ತೆತ್ತಿ ಕಂಬವನ್ನೇ ನೋಡುತ್ತಿದ್ದರು. ಗಡುವಿಗೆ ಇನ್ನೂ ಹೊತ್ತಿತ್ತು, ಮೈಕಿನ ಮುಂದೆ ಬೇರೆ ಯಾರೋ ಇದ್ದರು.

ಒಳಗೆ ಬಟ್ಟಲಿಂದ ಬಟ್ಟಲಿಗೆ ಸೌಟು ತಾಗುವ ಸದ್ದು ನಡೆದೇ ಇತ್ತು.