ಗುಮಾಸ್ತರ ಅರ್ಧ ಗಂಟೆ

ಹೆಡ್‌ಮಿಸ್ಸು ಹಿಂದಿನ ಸಾಲಿನ ಕುರ್ಚಿಗಳನ್ನು ಸದ್ದಾಗದಂತೆ ಒಂದೊಂದಾಗಿ ಮಡಚಿ ಗೋಡೆಗೆ ಒರಗಿಸುತ್ತಿದ್ದಳು. ನೂರು ಕುರ್ಚಿ ಹಾಕಿಸಿದ್ದೇ ತಪ್ಪಾಯಿತು. ಐವತ್ತು ಹಾಕಿಸಿದ್ದರೆ ಚಿತಾಗಾರದ ಈ ಸಭಾಂಗಣ ಇಷ್ಟು ಭಣಗುಡುತ್ತಿರಲಿಲ್ಲ. ಇಪ್ಪತ್ತು ಮಡಚಿದ್ದಾಯಿತು. ಉಳಿದ ಎಂಬತ್ತರಲ್ಲಿ ಕೂತವರು ಆರು ಜನ. ಶಾಲೆಯ ಗುಮಾಸ್ತರು ಮುಂದೆ, ಪೆಟ್ಟಿಗೆಯಲ್ಲಿ, ತಮ್ಮ ಬೂದು ಕೋಟು ತೊಟ್ಟು ಮಲಗಿದ್ದರು.

"ಎಲ್ಲಾ ಮಡಚಿಬಿಟ್ರೆ ಬಂದವರು ಎಲ್ಲಿ ಕೂತ್ಕೋತಾರೆ ಮಿಸ್?" ಎಂದು ಶಾಲೆಯ ಗೇಟಿನವನು ಪಿಸುಗುಟ್ಟಿದ.

"ಬಂದ್ರೆ ತಾನೇ?"

"ಬರ್ತಾರೆ. ಈಗಿನ್ನೂ ಹತ್ತೂಕಾಲು."

"ಹತ್ತು ಅಂತ ಬರೆದಿದ್ದೆನಪ್ಪ. ದಪ್ಪಕ್ಷರದಲ್ಲಿ ಬರೆದಿದ್ದೆ."

"ಅದೇ ಮತ್ತೆ. ದಪ್ಪಕ್ಷರದಲ್ಲಿದ್ರೆ ಎಲ್ಲರೂ ಓದಿರ್ತಾರೆ," ಎಂದು ಅವನು, ಅದರಲ್ಲೇ ಉತ್ತರವಿದೆ ಎಂಬಂತೆ ತಲೆಯಾಡಿಸಿದ.

ಸಭಾಂಗಣದ ಮೇಲ್ವಿಚಾರಕ ಆಗಲೇ ಎರಡು ಸಲ ಬಂದು ಹೇಳಿ ಹೋಗಿದ್ದ. "ಹನ್ನೊಂದಕ್ಕೆ ಬೇರೆಯವರದಿದೆ ಮೇಡಂ. ಹತ್ತು ಐವತ್ತೈದಕ್ಕೆ ನಾನು ಬಾಗಿಲು ತೆಗೀಲೇಬೇಕು. ಆರು ಜನ ಇದ್ರೂ ಅಷ್ಟೇ, ಆರುನೂರು ಜನ ಇದ್ರೂ ಅಷ್ಟೇ." ಆರು ಎಂಬ ಮಾತನ್ನು ಅವನು ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು.

ಮುಂದಿನ ಸಾಲಿನಲ್ಲಿ ಗುಮಾಸ್ತರ ಹೆಂಡತಿ ಕೂತಿದ್ದರು. ಬಾಗಿಲು ಕಿರ್ರೆಂದಾಗಲೆಲ್ಲ ಅವರ ಕತ್ತು ಹಿಂದಕ್ಕೆ ಹೊರಳುತ್ತಿತ್ತು. ಮೊದಲ ಸಲ ಬಂದದ್ದು ಗಾಳಿ. ಎರಡನೆಯ ಸಲ, ಶೌಚಾಲಯ ಎಲ್ಲಿ ಎಂದು ಕೇಳಲು ಬಂದ ಯಾವನೋ ಡ್ರೈವರು. ಎರಡು ಸಲವೂ ಅವರು ಮತ್ತೆ ಮುಂದಕ್ಕೆ ತಿರುಗಿ, ಏನೂ ಆಗಿಲ್ಲವೆಂಬಂತೆ ಸೆರಗು ಸರಿಪಡಿಸಿಕೊಂಡಿದ್ದರು. ಅದನ್ನು ನೋಡಿದ ಹೆಡ್‌ಮಿಸ್ಸು ಕೈಯಲ್ಲಿದ್ದ ಕುರ್ಚಿಯನ್ನು ಗೋಡೆಗೆ ಒರಗಿಸಿದಳು. ಮೂವತ್ತೊಂದು ವರ್ಷ ಮನೆಮನೆಗೆ ಚೀಟಿ ಬರೆದ ಮನುಷ್ಯನನ್ನು ಕಳಿಸಿಕೊಡಲು ಬಂದವರು ಆರು ಜನ ಎಂಬ ಲೆಕ್ಕವನ್ನು ಹೊತ್ತುಕೊಂಡು ಈ ಹೆಂಗಸು ಮನೆಗೆ ಹೋಗಬಾರದು. ಅಷ್ಟು ಸಾಕು. ಇವತ್ತು ಹೆಡ್‌ಮಿಸ್ಸಿಗೆ ಬೇರೇನೂ ಬೇಕಿರಲಿಲ್ಲ.

ಜನರನ್ನು ಕರೆದ ಚೀಟಿ ಅವಳೇ ಬರೆದದ್ದು. ಅವಳ ಜೀವನದ ಮೊದಲ ಚೀಟಿ.

*

ಅಲ್ಲಿಯವರೆಗೆ ಚೀಟಿ ಎಂದರೆ ಗುಮಾಸ್ತರು. ಪ್ರತಿ ಶುಕ್ರವಾರ ಹಳದಿ ಬಣ್ಣದ ಅರ್ಧ ಹಾಳೆ ಪ್ರತಿ ಮಗುವಿನ ಚೀಲ ಸೇರುತ್ತಿತ್ತು. ಮಕ್ಕಳು ಅವರನ್ನು ಕರೆಯುತ್ತಿದ್ದುದೇ ಚೀಟಿತಾತ ಎಂದು. ವರ್ಷದ ಕೊನೆಯ ತಿಂಗಳು ಬಂತೆಂದರೆ ಅವರಿಗೆ ಸುಗ್ಗಿ. ಆಗ ವಾರಕ್ಕೆ ಮೂರು ಚೀಟಿ. "ಗ್ರಂಥಾಲಯದ ಪುಸ್ತಕಗಳು ಹಾಸಿಗೆಯ ಕೆಳಗಿರುತ್ತವೆ, ದಯವಿಟ್ಟು ಬಗ್ಗಿ ನೋಡಿ." "ಕಳೆದುಹೋದ ವಸ್ತುಗಳ ಬುಟ್ಟಿಯಲ್ಲಿ ಹದಿನೇಳು ಎಡಗಾಲಿನ ಬೂಟುಗಳಿವೆ. ಬಲಗಾಲಿನವು ನಿಮ್ಮ ಮನೆಯಲ್ಲಿವೆ ಎಂದು ನಂಬಿದ್ದೇವೆ." "ಫಲಿತಾಂಶ ನೋಡಿ ಮಗುವಿಗೆ ಬೈಯಲೇಬೇಕೆಂದಿರುವವರು ಊಟವಾದ ಮೇಲೆ ಬೈಯಿರಿ."

ಹೊಸದಾಗಿ ಬಂದ ಹೆಡ್‌ಮಿಸ್ಸಿಗೆ ಇದೆಲ್ಲ ಇಷ್ಟವಾಯಿತು. ಒಂದು ಬಿಟ್ಟು. ಅವಳು ಬಂದ ಮೂರನೆಯ ತಿಂಗಳಲ್ಲಿ ಮಕ್ಕಳ ನಾಟಕವಿತ್ತು. ಚೀಟಿಯಲ್ಲಿ ಮೂರೂವರೆ ಎಂದಿತ್ತೆಂದು ಮೂರೂವರೆಗೇ ಹೋಗಿ ನಿಂತರೆ, ದೀಪವಿಲ್ಲದ ವೇದಿಕೆಯ ಮೇಲೆ ಒಂದು ಮರದ ಕುದುರೆ ಮಾತ್ರ ಅವಳನ್ನು ಎದುರುಗೊಂಡಿತ್ತು. ಮಾರನೆಯ ದಿನ ಬೆಳಿಗ್ಗೆಯೇ ಅವಳು ಆಫೀಸಿಗೆ ನುಗ್ಗಿದಳು.

"ನಾಟಕ ನಾಲ್ಕಕ್ಕೆ. ಚೀಟೀಲಿ ಮೂರೂವರೆ. ಇದು ಸುಳ್ಳು ಅಲ್ವಾ ಸಾರ್?"

"ಸುಳ್ಳು ಅನ್ನೋದು ದೊಡ್ಡ ಮಾತಾಯ್ತು ಮಿಸ್," ಎಂದು ಗುಮಾಸ್ತರು ಕನ್ನಡಕ ಒರೆಸಿದರು.

"ಎಲ್ಲದಕ್ಕೂ ಅರ್ಧ ಗಂಟೆ ಮುಂಚೆ ಹಾಕ್ತೀರಂತೆ. ತಂದೆತಾಯಂದಿರನ್ನ ಹೀಗೆ ಯಾಮಾರಿಸೋದಾ? ಅದೂ ಪ್ರಯೋಜನ ಇಲ್ಲ. ಹಾಗೆ ಹಾಕಿದ್ರೂ ಜನ ನಿನ್ನೆ ತಡವಾಗೇ ಬಂದ್ರು."

"ತಡ ಎಲ್ಲಿ? ನಾಲ್ಕಕ್ಕೆ ಸರಿಯಾಗಿ ಬಂದ್ರಲ್ಲ."

ತನ್ನನ್ನು ಆಟ ಆಡಿಸುತ್ತಿದ್ದಾರೆಂದು ಅವಳಿಗೆ ಸಿಟ್ಟು ನೆತ್ತಿಗೇರಿತು. ಇನ್ನು ಮುಂದೆ ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದು ಅಪ್ಪಣೆ ಮಾಡಿದಳು.

"ಆಗ್ಲಿ ಮಿಸ್. ಮುಂದಿನ ವರ್ಷದಿಂದ," ಎಂದರು ಗುಮಾಸ್ತರು. "ವರ್ಷದ ಮಧ್ಯೆ ಬದಲಾಯಿಸಿದ್ರೆ ಪಾಪ, ಜನಕ್ಕೆ ಕಷ್ಟ ಆಗುತ್ತೆ." ಅವರು ಏಳು ಹೆಡ್‌ಮಿಸ್ಸುಗಳನ್ನು ಕಂಡವರು, ಎಂಟನೆಯವಳೊಂದಿಗೆ ವಾದಕ್ಕೆ ನಿಲ್ಲುವ ಆತುರ ಅವರಿಗಿರಲಿಲ್ಲ.

ಮುಂದಿನ ವರ್ಷ ಬರುವ ಮೊದಲೇ, ಶಾಲೆ ಮುಗಿಯಲು ನಾಲ್ಕು ದಿನವಿರುವಾಗ, ಅವರು ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಮೇಜಿನ ಮೇಲೆ ಕೊನೆಯ ಚೀಟಿ ಸಿದ್ಧವಿತ್ತು. "ಶುಕ್ರವಾರ ಕೊನೆಯ ದಿನ. ಹನ್ನೊಂದೂವರೆಗೆ ಬಂದು ಮಕ್ಕಳನ್ನು ಕರೆದೊಯ್ಯಿರಿ. ಬಳಿಕ ಕಟ್ಟಡಕ್ಕೆ ಗೆದ್ದಲಿನ ಮದ್ದು ಹೊಡೆಯುವುದರಿಂದ ಒಳಗೆ ಯಾರೂ ಇರುವಂತಿಲ್ಲ." ಶಾಲೆ ಬಿಡುವುದು ಹನ್ನೆರಡಕ್ಕೆ. ಹೆಡ್‌ಮಿಸ್ಸು ಹನ್ನೊಂದೂವರೆಯ ಮೇಲೆ ಗೆರೆ ಎಳೆದು ಹನ್ನೆರಡು ಎಂದು ಬರೆದಳು. ಅದರ ಕೆಳಗೆ ಸಾವಿನ ಸುದ್ದಿ, ಗುರುವಾರ ರಜೆ, ಚಿತಾಗಾರದ ವಿಳಾಸ, ಸಮಯ ಹತ್ತು. ಎಲ್ಲವೂ ಅಪ್ಪಟ ನಿಜ. ಇನ್ನೂರ ಹನ್ನೆರಡು ಚೀಲಗಳಿಗೆ ಚೀಟಿ ಹಾಕಿಸಿದ ಮೇಲೆ, ದುಃಖದ ನಡುವೆಯೂ ಅವಳಿಗೆ ಸ್ನಾನ ಮಾಡಿದಷ್ಟು ಹಗುರವೆನಿಸಿತ್ತು.

*

ಹತ್ತು ಇಪ್ಪತ್ತೆಂಟಕ್ಕೆ ಹೊರಗೆ ಬಸ್ಸು ನಿಂತ ಸದ್ದಾಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮೆಟ್ಟಿಲ ಮೇಲೆ ಕಾಲುಗಳ ಸದ್ದು, ಮಕ್ಕಳನ್ನು ಗದರುವ ಸದ್ದು, ಏದುಸಿರು. ಬಾಗಿಲು ತೆರೆದದ್ದು ಮತ್ತೆ ಮುಚ್ಚಲಿಲ್ಲ.

ಲಾಂಡ್ರಿಯ ಹೆಂಗಸರು ನೀಲಿ ಏಪ್ರನ್ ಬಿಚ್ಚುತ್ತಲೇ ಒಳಗೆ ಬಂದರು. ಬ್ರೆಡ್ ಕಾರ್ಖಾನೆಯವರು ಹುಬ್ಬಿಗೆಲ್ಲ ಹಿಟ್ಟು ಹಚ್ಚಿಕೊಂಡು ಬಂದರು. ಕಂಡಕ್ಟರ್ ಒಬ್ಬ ಚೀಲ ಸಮೇತ ಬಂದ. ಒಬ್ಬೊಬ್ಬರ ಕೈಯಲ್ಲೂ ಒಂದೆರಡು ಮಕ್ಕಳು. ಗೇಟಿನವನು ಮಡಚಿಟ್ಟ ಕುರ್ಚಿಗಳನ್ನು ಪಟಪಟನೆ ಬಿಚ್ಚತೊಡಗಿದ; ಬಿಚ್ಚುವಾಗ ಹೆಡ್‌ಮಿಸ್ಸಿನ ಕಡೆ ಒಂದು ನೋಟ ಬೀರಲು ಮರೆಯಲಿಲ್ಲ. ನೂರೂ ತುಂಬಿದವು. ಮಿಕ್ಕವರು ಗೋಡೆಗುಂಟ ನಿಂತರು.

ಗುಮಾಸ್ತರ ಹೆಂಡತಿ ಎದ್ದು ನಿಂತು, ಹಿಂದಕ್ಕೆ ತಿರುಗಿ, ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ನಮ್ಮಪ್ಪನಿಗೂ ಇವರೇ ಚೀಟಿ ಬರೆದಿದ್ದು ಅಮ್ಮ, ನನ್ನ ವಿಷಯಕ್ಕೆ," ಎಂದು ಬ್ರೆಡ್ಡಿನವನು ಅವರ ಕೈ ಹಿಡಿದ. "ಈಗ ನನ್ನ ಮಗನ ವಿಷಯಕ್ಕೆ ನನಗೂ ಬರೆದ್ರು. ಎರಡರಲ್ಲೂ ಒಂದೇ ಮಾತು: ಬೂಟು ಹುಡುಕಿ."

ಅವರು ನಕ್ಕುಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡರು. ಹೆಡ್‌ಮಿಸ್ಸು ನಿರಾಳವಾಗಿ, ಯಾರೋ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತಳು.

ಪಕ್ಕದಲ್ಲಿದ್ದ ಲಾಂಡ್ರಿಯವಳು ಇನ್ನೂ ಏದುಸಿರು ಬಿಡುತ್ತಿದ್ದಳು. ಅವಳ ಪುಟ್ಟ ಮಗಳು ಏಪ್ರನ್ನಿನ ದಾರ ಜಗಿಯುತ್ತಿದ್ದಳು. "ತಪ್ಪು ತಿಳ್ಕೋಬೇಡಿ ಮಿಸ್. ಹತ್ತಕ್ಕೆ ಬಿಟ್ಟ ತಕ್ಷಣ ಮಗೂನ ಎತ್ಕೊಂಡು ಓಡಿ ಬಂದೆ."

"ಹತ್ತಕ್ಕೆ ಬಿಟ್ರಾ? ಇಲ್ಲಿರಬೇಕಾಗಿದ್ದೇ ಹತ್ತಕ್ಕಲ್ವಾ?"

"ಚೀಟೀಲಿ ಹತ್ತು ಇದ್ರೆ ಹತ್ತಕ್ಕೇ ಬಿಡೋದು. ನಮ್ಮ ಸೂಪರ್‌ವೈಸರ್ ಅಂದ್ರೆ ಏನಂದ್ಕೊಂಡ್ರಿ? ಚೀಟಿ ನೋಡ್ತಾನೆ, ಗಡಿಯಾರ ನೋಡ್ತಾನೆ, ಮುಳ್ಳು ಅಲ್ಲಿಗೆ ಬರೋವರೆಗೂ ಕೈ ಕಟ್ಕೊಂಡು ನಿಂತಿರ್ತಾನೆ. ಬಸ್ಸಿಗೆ ಅರ್ಧ ಗಂಟೆ ಬೇಕು ಅಂದ್ರೆ, ಚೀಟೀಲಿ ಬಸ್ಸಿನ ವಿಷಯ ಇಲ್ವಲ್ಲ ಅಂತಾನೆ. ಅದಕ್ಕೇ ಅಲ್ವಾ ಚೀಟಿತಾತ ಯಾವಾಗ್ಲೂ ಅರ್ಧ ಗಂಟೆ ಮುಂಚೆ ಹಾಕ್ತಿದ್ದಿದ್ದು? ಕಾಗದದಲ್ಲಿ ಮೂರೂವರೆ ಅಂದ್ರೆ ನಾವು ಶಾಲೇಲಿ ನಾಲ್ಕಕ್ಕೆ. ಈ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಹೆಡ್‌ಮಿಸ್ಸಿಗೆ ಯಾರೋ ಕಿವಿ ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದಂತಾಯಿತು. ತಡ ಎಲ್ಲಿ ಎಂದು ಕೇಳಿದಾಗ ಆ ಮನುಷ್ಯ ಆಟ ಆಡಿಸುತ್ತಿರಲಿಲ್ಲ. ಒಂದು ಮಾತು ಬಿಡಿಸಿ ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಅವಳು ಕೇಳುತ್ತಿರಲಿಲ್ಲ ಅಷ್ಟೇ.

"ಅಂದ ಹಾಗೆ," ಎಂದಳು ಲಾಂಡ್ರಿಯವಳು, "ನಾಳೆ ಹನ್ನೆರಡು ಅಂತ ಹಾಕಿದೀರಲ್ಲ. ಅಂದ್ರೆ ಮಕ್ಕಳನ್ನ ಬಿಡೋದು ಹನ್ನೆರಡೂವರೆಗೆ ತಾನೇ?"

ಹನ್ನೆರಡಕ್ಕೆ ಮದ್ದಿನವರು ಬರುತ್ತಾರೆ. ಇನ್ನೂರ ಹನ್ನೆರಡು ಮಕ್ಕಳು, ಅರ್ಧ ಗಂಟೆ, ಬೀದಿಯ ಬಿಸಿಲು, ಲಾರಿಗಳು. ಇತ್ತ ಅಷ್ಟೂ ತಾಯಂದಿರು ಗಡಿಯಾರದ ಕೆಳಗಿನಿಂದ ಆಗಷ್ಟೇ ಹೊರಟು ಬಸ್ಸಿನಲ್ಲಿ.

"ಹೆಡ್‌ಮಿಸ್ ಈಗ ಎರಡು ಮಾತಾಡ್ತಾರೆ," ಎಂದು ಅಷ್ಟರಲ್ಲಿ ಯಾರೋ ಕೂಗಿದರು.

ಅವಳು ಮುಂದೆ ಹೋದಳು. ಪರ್ಸಿನಲ್ಲಿ ಭಾಷಣ ಬರೆದಿಟ್ಟುಕೊಂಡಿದ್ದಳು. ಕರ್ತವ್ಯನಿಷ್ಠೆ ಎಂಬ ಪದ ಅದರಲ್ಲಿ ನಾಲ್ಕು ಸಲ ಇತ್ತು. ಅದನ್ನು ಬಿಡಿಸಿದಳು, ನೋಡಿದಳು, ಮಡಚಿದಳು. ಪೆಟ್ಟಿಗೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ನಾಳೆ ಶಾಲೆ ಬಿಡೋದು ಹನ್ನೊಂದೂವರೆಗೆ," ಎಂದಳು.

ಹಿಂದಿನಿಂದ ಒಂದು ಗಂಡುದನಿ ಎದ್ದಿತು. "ಮಿಸ್, ನಿಮ್ಮ ಹನ್ನೊಂದೂವರೆನೋ, ಅವರ ಹನ್ನೊಂದೂವರೆನೋ?"

"ಅವರದು."

ನಗು ಹಿಂದಿನ ಸಾಲಿನಿಂದ ಮುಂದಕ್ಕೆ ಉರುಳುತ್ತ ಬಂತು. ಮುಂದಿನ ಸಾಲಿನಲ್ಲಿ ಗುಮಾಸ್ತರ ಹೆಂಡತಿಯ ಹೆಗಲೂ ಕುಲುಕಿತು.

"ಬಾಯಲ್ಲಿ ಹೇಳಿದ್ರೆ ನಮ್ಮ ಮೇಸ್ತ್ರಿ ಒಪ್ಪಲ್ಲ ಮಿಸ್," ಎಂದ ಬ್ರೆಡ್ಡಿನವನು. "ಚೀಟಿ ಬೇಕು."

"ಎಲ್ಲರ ಮೊಬೈಲಿಗೂ ಕಳಿಸ್ತೀನಿ."

"ಇಂಥದನ್ನ ನಾನೂ ಟೈಪ್ ಮಾಡ್ಕೋಬಹುದು ಅಂತಾನೆ. ಕಾಗದ, ಸಹಿ, ಮೊಹರು. ಮೂರೂ ಇರಬೇಕು."

"ಮೊಹರು ಎಲ್ಲಿದೆಯೋ ಗೊತ್ತಿಲ್ಲಪ್ಪ. ನಿನ್ನೆ ಹೋಗಿದ್ದು ಅವರು ಮೊದಲೇ ಮೊಹರು ಒತ್ತಿಟ್ಟಿದ್ದ ಹಾಳೆಗಳು. ಅವೂ ಮುಗಿದವು. ಇಡೀ ಆಫೀಸು ಹುಡುಕಿದೀವಿ."

"ಆಫೀಸಲ್ಲಿ ಯಾಕೆ ಹುಡುಕಿದ್ರಿ?" ಎಂದರು ಗುಮಾಸ್ತರ ಹೆಂಡತಿ. "ಇಲ್ಲೇ ಇದೆಯಲ್ಲ."

ಎಲ್ಲರೂ ಅವರ ಕಡೆ ತಿರುಗಿದರು.

"ಅವರ ಕೋಟಿನ ಎಡಜೇಬಲ್ಲಿ. ತೆಗೆದು ನೋಡಿದೆ, ಕೋಟು ಆ ಕಡೆ ಮೇಲಕ್ಕೆ ಎತ್ಕೊಂಡುಬಿಡ್ತು. ಅಷ್ಟು ವರ್ಷ ಅದರ ಭಾರಕ್ಕೇ ನೆಟ್ಟಗೆ ನಿಂತಿದ್ದ ಕೋಟು. ನೋಡೋಕೆ ಚೆನ್ನಾಗಿರಲ್ಲ ಅಂತ ಮತ್ತೆ ಅಲ್ಲೇ ಇಟ್ಟೆ."

ಅವರು ಪೆಟ್ಟಿಗೆಯ ಹತ್ತಿರ ಹೋದರು. ಬಾಗಿಲಿಗೆ ಹಾಲಿನವನು ಬಂದಾಗ ಮಲಗಿದ ಗಂಡನ ಜೇಬಿಗೆ ಹೆಂಡತಿ ಕೈ ಹಾಕುವ ಹಾಗೆ ಸಲೀಸಾಗಿ ಕೈ ಹಾಕಿದರು. "ಕೊಡಿ ಇಲ್ಲಿ, ಕೆಲಸ ಇದೆ," ಎಂದು ಗೊಣಗಿ ಮೊಹರು ಹೊರತೆಗೆದರು. ಒತ್ತಿದರೆ ತಾನೇ ಶಾಯಿ ಹಚ್ಚಿಕೊಳ್ಳುವ, ಹಿಡಿ ಸವೆದ ಕಪ್ಪು ಮೊಹರು. ಆಮೇಲೆ ಒಂದು ಕ್ಷಣ ಯೋಚಿಸಿ, ತಮ್ಮ ಕರ್ಚೀಫನ್ನು ಗಂಟು ಕಟ್ಟಿ ಆ ಜೇಬಿಗೆ ತುರುಕಿ, ಕೋಟು ಸರಿಪಡಿಸಿದರು.

ಕಾಗದ ಎಂದರೆ ಅಲ್ಲಿದ್ದದ್ದು ಸಂತಾಪದ ಪುಸ್ತಕ ಒಂದೇ. ಯಾರೂ ಇನ್ನೂ ಏನೂ ಬರೆದಿರದ ಅದರ ಹಾಳೆಗಳನ್ನು ಹೆಡ್‌ಮಿಸ್ಸು ಹರಿದು ಹರಿದು ಒಂದೊಂದನ್ನೂ ನಾಲ್ಕು ಮಾಡಿದಳು. ಇಬ್ಬರು ಟೀಚರುಗಳು ಬರೆಯಲು ಕೂತರು, ಅವಳು ಸಹಿಗೆ, ಹೆಂಡತಿ ಮೊಹರಿಗೆ. ಜನ ಸಾಲುಗಟ್ಟಿದರು. ಸುಳ್ಳಿಗೆ ಸಹಿ ಹಾಕುವಾಗ ಕೈ ನಡುಗುತ್ತದೆಂದು ಅವಳು ತಿಳಿದಿದ್ದಳು. ನಡುಗಲಿಲ್ಲ, ಹತ್ತು ಸಹಿ ಆದಮೇಲೆ ನೋಯತೊಡಗಿತು ಅಷ್ಟೇ.

"ನಮ್ಮ ಪಕ್ಕದ ಮನೆಯವರಿಗೂ ಒಂದು. ಅವರಿಗೆ ಬರೋಕೆ ಆಗ್ಲಿಲ್ಲ."

"ನನಗೆ ಹನ್ನೊಂದು ಅಂತ ಬರೀರಿ ಮಿಸ್, ನಮ್ದು ಎರಡು ಬಸ್ಸು."

"ಆಸೆಗೂ ಮಿತಿ ಇರಬೇಕು ಕಣಯ್ಯ," ಎಂದು ಗುಮಾಸ್ತರ ಹೆಂಡತಿ ಅವನ ಚೀಟಿಯ ಮೇಲೆ ಧಡ್ಡನೆ ಮೊಹರು ಕುಟ್ಟಿದರು. "ಅವರು ಇದ್ದಾಗಲೂ ಅರ್ಧ ಗಂಟೆಯೇ. ಓಡು."

ಮೇಲ್ವಿಚಾರಕ ವಾಚು ತೋರಿಸುತ್ತ ಬಂದವನು ಸಾಲಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಕೆಮ್ಮಿದ. "ನನಗೂ ಒಂದು ಕೊಡಿ ಮೇಡಂ."

"ನಿಮ್ಮ ಮಗು ಯಾವ ಕ್ಲಾಸು?"

"ಮಗು ಇಲ್ಲ. ಮೇಲಿನವರಿಗೆ ಅದು ಗೊತ್ತಿಲ್ಲ."

ಕೊನೆಯ ಚೀಟಿ ಅವನಿಗೇ ಸಿಕ್ಕಿತು. "ಎಷ್ಟು ಜನ ಆಗಿರಬಹುದು?" ಎಂದು ಹೆಂಡತಿ ಮೊಹರಿನ ಮುಚ್ಚಳ ಹಾಕುತ್ತ ಕೇಳಿದರು. ಹೆಡ್‌ಮಿಸ್ಸು ಪುಸ್ತಕ ಎತ್ತಿ ತೋರಿಸಿದಳು. ರಟ್ಟು ಮಾತ್ರ ಉಳಿದಿತ್ತು.

ಗಂಟೆ ಬಾರಿಸಿತು. ಎಲ್ಲರೂ ಎದ್ದು ನಿಂತರು. ಪೆಟ್ಟಿಗೆ ಹಳಿಯ ಮೇಲೆ ಮೆಲ್ಲಗೆ ಸರಿಯತೊಡಗಿತು, ಆಚೆಯ ಕಬ್ಬಿಣದ ಬಾಗಿಲು ತೆರೆಯಿತು. ಶಾಯಿ ಇನ್ನೂ ಹಸಿಯಿತ್ತು; ಮಡಚಿದರೆ ಅಳಿಸಿಹೋಗುತ್ತಿತ್ತು. ಅದಕ್ಕೆ ಲಾಂಡ್ರಿಯವಳು ಚೀಟಿಯನ್ನು ತಲೆಯ ಮೇಲೆ ಹಿಡಿದು ಬೀಸಿದಳು. ಅವಳನ್ನು ನೋಡಿ ಬ್ರೆಡ್ಡಿನವನು, ಕಂಡಕ್ಟರು, ಗೋಡೆಗುಂಟ ನಿಂತವರು, ಅಪ್ಪಂದಿರ ಹೆಗಲೇರಿದ ಮಕ್ಕಳು. ನೂರಾರು ಬಿಳಿ ಚೂರುಗಳು ಪಟಪಟ ಎಂದು ಗಾಳಿಯಲ್ಲಿ ಆಡಿದವು.

ಹನ್ನೊಂದರ ಪಾಳಿಯವರು ಆಗಲೇ ಹಿಂಬಾಗಿಲಲ್ಲಿ ಬಂದು ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದ ಮುದುಕ, ಕಪ್ಪು ಟೋಪಿ ಕೈಯಲ್ಲಿ ಹಿಡಿದವನು, ಅಷ್ಟೊಂದು ಕೈಗಳು ಬೀಸುವುದನ್ನು ಕಂಡು ಬೆರಗಾದ. ಅತ್ತ ಇತ್ತ ನೋಡಿದ. ಆಮೇಲೆ, ಯಾರಿಗೆಂದು ತಿಳಿಯದಿದ್ದರೂ, ತಾನೂ ಟೋಪಿ ಎತ್ತಿ ಬೀಸತೊಡಗಿದ.