ಬೀಳದ ಒನಕೆ

ಗ್ರಹಣ ಬಿಟ್ಟು ಅರ್ಧ ತಾಸಾಯಿತೆಂದು ಹೇಳಿ ಟೀವಿಯವರು ಜಾಹೀರಾತಿಗೆ ಹೋಗಿದ್ದರು. ಕಸ್ತೂರೆವ್ವನ ಒನಕೆ ಮಾತ್ರ ಹಿತ್ತಾಳೆ ಪರಾತದ ನೀರಿನಲ್ಲಿ ನೆಟ್ಟಗೆ ನಿಂತೇ ಇತ್ತು. ಗ್ರಹಣ ಹಿಡಿದಾಗ ನಿಂತ ಒನಕೆ ಬಿಟ್ಟಾಗ ತಾನಾಗಿ ಬೀಳಬೇಕು. ಬೀಳುವತನಕ ನಾಲತವಾಡದ ಆ ಓಣಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಪಂಚಾಂಗಕ್ಕೂ ಇಲ್ಲದ ಈ ಮರ್ಯಾದೆ ಕಸ್ತೂರೆವ್ವನಿಗೆ ಅತ್ತೆಯಿಂದ ಬಂದದ್ದು.

ಸೊಸೆ ಸುನಂದಾ ಏಳು ತಿಂಗಳ ಬಸುರಿ. ರಾತ್ರಿಯಿಂದ ಹೊಟ್ಟೆಗಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳು ಮುಂಜಾನೆ ರೊಟ್ಟಿಯ ಹಂಚನ್ನು ಗೋಡೆಗೆ ಆನಿಸಿ ಸೂರ್ಯನೆಂದು, ಬಟ್ಟಲನ್ನು ಅತ್ತೆಯ ಕಣ್ಣೆದುರು ಹಿಡಿದು ಚಂದ್ರನೆಂದು ತೋರಿಸಿದ್ದಳು. ಸಣ್ಣದಾದರೂ ಹತ್ತಿರದ್ದು ದೂರದ್ದನ್ನು ಮುಚ್ಚಿತು. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಯಾಕಿಲ್ಲ ಎಂದು ಕಸ್ತೂರೆವ್ವ ಕೇಳಿದ್ದಕ್ಕೆ, ಚಂದ್ರನ ದಾರಿ ತುಸು ವಾಲಿದೆ, ಬಹಳ ಸಲ ಅವನ ನೆರಳು ಭೂಮಿಗೆ ತಾಗದೆ ಮೇಲೋ ಕೆಳಗೋ ಹಾಯ್ದುಹೋಗುತ್ತದೆ ಎಂದಿದ್ದಳು. ಕಸ್ತೂರೆವ್ವ ಅದನ್ನೂ ಒಪ್ಪಿದ್ದಳು. ಚಂದ್ರನ ಮಾತು ಬೇರೆ, ಒನಕೆಯ ಮಾತು ಬೇರೆ.

ಸುನಂದಾ ತಿನ್ನಬೇಕೆಂದರೆ ಯಾರೂ ಕೈ ಹಿಡಿದು ತಡೆಯುತ್ತಿರಲಿಲ್ಲ. ಓಣಿಯೆದುರು ಅತ್ತೆಯ ಮಾತು ಮುರಿಯಲು ಅವಳಿಗೇ ಮನಸ್ಸಿರಲಿಲ್ಲ. ಪಕ್ಕದ ಮನೆಯ ಸೈದಾಬಿಯಂತೂ, ಗಂಡಸರು ಗ್ರಹಣದ ನಮಾಜು ಮುಗಿಸಿ ಬಂದು ಕೂತಿದ್ದರೂ, ಒಗ್ಗರಣೆಯ ವಾಸನೆ ಹಸಿದ ಬಸುರಿಗೆ ಹೋದೀತೆಂದು ಎಣ್ಣೆ ಕಾಯಿಸಿರಲಿಲ್ಲ. ಗೋಡೆಯಾಚೆಯಿಂದ ಬಿತ್ತೇನು ಬಿತ್ತೇನು ಎಂದು ಕೇಳುತ್ತಲೇ ಇದ್ದಳು.

"ಒನಕಿದೇನೂ ತಪ್ಪಿಲ್ರಿ ಅತ್ತಿ," ಎಂದಳು ಸುನಂದಾ. "ಮೊದಲ ಮಣ್ಣಿನ ನೆಲ ಇತ್ತು, ವಾಲಿ ಬೀಳತಿತ್ತು. ಈಗ ಫರಸಿಕಲ್ಲು ಹಾಕ್ಸೀವಿ. ಯುಗಾದಿತನಾನೂ ನಿಲ್ತೈತಿ."

ನಕ್ಕವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತುಟಿ ಒಣಗಿತ್ತು.

"ಕೂಸು ಮುಂಜಾನಿಂದ ಒದ್ಯಾಕತ್ತಿತ್ರಿ. ಈಗ ಸುಮ್ಮನಾಗೇತಿ."

ಕಸ್ತೂರೆವ್ವ ಒನಕೆಯನ್ನು ನೋಡಿದಳು. ಪ್ರತಿ ಗ್ರಹಣದ ಕೊನೆಗೂ ತನ್ನ ಅತ್ತೆ ಒಂದಲ್ಲ ಒಂದು ನೆಪದಿಂದ ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬಳೇ ಒಳಗೆ ಉಳಿಯುತ್ತಿದ್ದದ್ದು ನೆನಪಾಯಿತು. ಯಾಕೆಂದು ಆಗ ಕೇಳಬೇಕೆನಿಸಿರಲಿಲ್ಲ.

"ಹೊರಗ ಗಾಳಿಗಿ ಕುಂದ್ರ ಹೋಗು, ಯವ್ವಾ," ಎಂದಳು.

ಸುನಂದಾ ಕಟ್ಟೆಗೆ ಹೋಗಿ ಕೂತು ಇನ್ನೂ ಕಾಲು ಚಾಚಿರಲಿಲ್ಲ, ಒಳಗೆ ಪರಾತ ದಢಾರನೆ ಸದ್ದು ಮಾಡಿತು. ಓಣಿಯುದ್ದಕ್ಕೂ ಬಾಗಿಲು ತೆರೆದವು, ಬಚ್ಚಲಲ್ಲಿ ನೀರು ಸುರಿಯಿತು. ಗರಿಕೆ ಹಾಕಿ ಮುಚ್ಚಿಟ್ಟಿದ್ದ ಸಜ್ಜೆ ರೊಟ್ಟಿ, ಮೊಸರು ಹಿಡಿದು ಕಸ್ತೂರೆವ್ವ ಕಟ್ಟೆಗೆ ಬಂದಳು.

"ಮೊದಲ ಉಣ್ಣು. ಜಳಕ ಆಮ್ಯಾಲ."

ಅವಳ ಸೀರೆಯ ಅಂಚು ಒಂದು ಬದಿಗೆ ಪೂರ್ತಿ ತೊಯ್ದಿತ್ತು. ಸುನಂದಾ ಅದನ್ನು ನೋಡಿದಳು. ರೊಟ್ಟಿ ಮುರಿದು, ದೊಡ್ಡ ಚೂರನ್ನು ಅತ್ತೆಯ ಕಡೆಗೆ ಸರಿಸಿದಳು.