ಮುಂಗಾಲಿನ ಹಗ್ಗ

ಉಪ್ಪು ಹಿಡಿದ ಬುರುಲ್‌ಳ ಕೈ ಕುದಿಯುವ ಚಹಾದ ಕಡಾಯಿಯ ಮೇಲೆ ಬಂದು ನಿಂತೇಬಿಟ್ಟಿತು. ಉಪ್ಪು ಹಾಕದ ವರ್ಷಗಟ್ಟಲೆಯ ಅಭ್ಯಾಸ, ಒಂದೇ ದಿನಕ್ಕೆ ಬಿಟ್ಟೀತೆ?

"ಹಾಕಮ್ಮಾ, ಇವತ್ತಾದ್ರೂ ಹಾಕು," ಎಂದಳು ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ನೆರೆಮನೆಯ ಬಾಲ್ಕಿಯಾ. "ಪಾಪ, ನಿಮ್ಮ ಮಾವ ಸಪ್ಪೆ ಚಾ ಕುಡಿದೂ ಕುಡಿದೂ ಬಾಯಿ ಕೆಟ್ಟೇ ಸತ್ತ."

ಬುರುಲ್ ಉಪ್ಪನ್ನು ಕಡಾಯಿಗೆ ಸುರಿದಳು. ಸಾವಿನ ಮನೆಯಲ್ಲಿ ಸೊಸೆ ಎದುರಾಡುವುದುಂಟೆ? ಅಂಗಳದ ಕಂಬಳಿ ಗುಡಾರದಲ್ಲಿ ಮಾವ ಕೆರಿಮ್‌ಕುಲ್ ಮಲಗಿದ್ದ. ಒಳಗೆ ಅತ್ತೆಯೂ ಹೆಂಗಸರೂ ಗೋಡೆಗೆ ಮುಖಮಾಡಿ ಹಾಡಿ ಅಳುತ್ತಿದ್ದರು. ಹೊರಗೆ ಗಂಡಸರು ಪದ್ಧತಿಯಂತೆ ಸೊಂಟ ಬಿಗಿದು, ಕೋಲಿಗೆ ಬಾಗಿ, ಸಾಲಾಗಿ ನಿಂತಿದ್ದರು. ಹೊಸಬರು ಬಂದಾಗಲೆಲ್ಲ ಗಟ್ಟಿಯಾಗಿ ಗೋಳಿಡುತ್ತಿದ್ದರು.

ಸಾಲಿನ ಮೊದಲಿಗ ಅವಳ ಗಂಡ ಎಸೆನ್. ಬೆಳಗಿನಿಂದ ಬುರುಲ್‌ಳ ಕಣ್ಣು ಅವನ ಮೇಲೆಯೇ ಇತ್ತು. ಪ್ರತಿ ಸಲ ಕೂಗಿ ಮುಗಿಸಿದಾಗ ಅವನ ಕೈ ಹಿಂಗತ್ತಿಗೆ ಹೋಗುತ್ತಿತ್ತು. ತಿಂಗಳಿಂದ ಹೀಗೆಯೇ. ಒಂದು ಸಲ ಬಿ.ಪಿ. ನೋಡಿಸಿಕೊಳ್ಳಿ ಎಂದರೆ ನಕ್ಕು ಎದ್ದುಹೋಗುತ್ತಿದ್ದ.

* * *

ಕಣಿವೆಯ ಮರಿಗುದುರೆಗಳನ್ನೆಲ್ಲ ಪಳಗಿಸಿದವನು ಮಾವ. ಕೆಲವು ವರ್ಷಗಳ ಹಿಂದೆ ನರ್ಸ್ ಊರಿಗೆ ಬಂದು ಎಲ್ಲರ ತೋಳಿಗೂ ಪಟ್ಟಿ ಸುತ್ತಿ ನೋಡಿದಾಗಲೇ ಅವನ ರಕ್ತದೊತ್ತಡ ಏರಿರುವುದು ಗೊತ್ತಾಗಿದ್ದು.

"ತಲೆನೋವಿಲ್ಲ, ಏನಿಲ್ಲ. ನಂಗ್ಯಾಕಮ್ಮಾ ಮಾತ್ರೆ?"

"ಅದು ಹೇಳಿ ಕೇಳಿ ಬರೋದಲ್ಲ ತಾತ. ಉಪ್ಪು ಕಡಿಮೆ ಮಾಡಿ. ಮಾತ್ರೆ ಮಾತ್ರ ಒಂದಿನಾನೂ ಬಿಡ್ಬೇಡಿ."

ಆ ಕಣಿವೆಯವರು ಉಪ್ಪು ಹಾಕಿಯೇ ಕುಡಿಯುವ ಚಹಾಕ್ಕೆ ಬುರುಲ್ ಉಪ್ಪು ಹಾಕುವುದನ್ನು ಬಿಟ್ಟಳು. ಮಾವ ಊರೆಲ್ಲ ದೂರು ಹೇಳಿಕೊಂಡು ಬಂದ. ಜೇಬಿನಲ್ಲಿ ಒಣಮೊಸರಿನ ಉಪ್ಪುಂಡೆ ಬಚ್ಚಿಟ್ಟುಕೊಂಡು ಚೀಪಿದ. ಆದರೂ ಮಾತ್ರೆ ನುಂಗುತ್ತಿದ್ದ. ಹೋದ ಶರತ್ಕಾಲದಲ್ಲಿ ಒತ್ತಡ ಹದಕ್ಕೆ ಬಂತು. ಅವತ್ತೇ ಮಾತ್ರೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟ.

"ಪಳಗಿತಲ್ಲಮ್ಮಾ ಅದು! ಪಳಗಿದ ಮೇಲೂ ಹಗ್ಗ ಯಾಕೆ?"

ಬುರುಲ್‌ಗೆ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆ ಮನೆಯಲ್ಲಿ ಸೊಸೆ ಮಾವನಿಗೆ ಎದುರುತ್ತರ ಕೊಟ್ಟವಳಲ್ಲ. ನುಂಗಿಕೊಂಡಳು. ಚಳಿಗಾಲ ಸುಖವಾಗಿ ಕಳೆಯಿತು, ಮಾವ ಬೀಗಿದ. ಹಿಮ ಕರಗಿದ ಮೇಲೆ ಒಂದು ಸಂಜೆ ಬೂದುಗುದುರೆಯಿಂದಿಳಿದು, ಮೇಯುತ್ತ ದೂರ ಹೋಗದಂತೆ ಅದರ ಮುಂಗಾಲುಗಳಿಗೆ ಎಂದಿನಂತೆ ಹಗ್ಗ ಬಿಗಿದು, ಎರಡು ಹೆಜ್ಜೆ ನಡೆದು ಬಿದ್ದ. ಬಾಯಿ ಒಂದು ಕಡೆಗೆ ವಾಲಿತ್ತು. ಆಮೇಲೆ ಮಾತು ಬರಲೇ ಇಲ್ಲ, ಆ ರಾತ್ರಿಯೇ ತೀರಿಹೋದ.

* * *

ಮತ್ತೊಂದು ಕಾರು ಬಂತು. ಎಸೆನ್ ಗೋಳಿಟ್ಟ, ತೂರಾಡಿ ಕೋಲಿಗೆ ಜೋತುಬಿದ್ದ.

ಬುರುಲ್ ಸೌಟು ಬಿಟ್ಟಳು. ಮಾವನಿಗೆಂದು ಕೊಂಡಿಟ್ಟಿದ್ದ ಬಿ.ಪಿ. ಮಿಷನ್ ಮನೆಯೊಳಗಿಂದ ತಂದು ನೆಟ್ಟಗೆ ಗಂಡಸರ ಸಾಲಿಗೇ ನುಗ್ಗಿದಳು.

"ಏ ಹುಡುಗೀ, ಹೊತ್ತುಗೊತ್ತು ಬೇಡ್ವಾ?" ಚಿಕ್ಕಮಾವ ಜುಮಾಶ್ ಗದರಿದ. "ಹೆಣ ಇನ್ನೂ ಮನೇಲಿದೆ!"

"ಅದಕ್ಕೇ ಚಿಕ್ಕಮಾವ. ಇನ್ನೊಂದು ಬೇಡ." ಗಂಡನ ಕಡೆಗೆ ತಿರುಗಿದಳು. "ಕೂತ್ಕೊಳ್ರೀ. ಉಸಿರು ಹದಕ್ಕೆ ಬರ್ಲಿ, ಆಮೇಲೆ ತೋಳು ಕೊಡಿ."

"ಹೋಗೇ, ನಂಗೇನಾಗಿದೆ? ಮಣ್ಣು ಮಾಡಿ ಬಂದ್ಮೇಲೆ ನೋಡೋಣ."

"ನಿಮ್ಮಪ್ಪಾನೂ ಏನಾಗಿದೆ ಅಂತಾನೇ ಅಂದ್ರು." ಅವಳು ಮಿಷನ್ನಿನ ಪಟ್ಟಿ ಬಿಚ್ಚಿದಳು. "ಪಳಗಿದ ಮೇಲೆ ಹಗ್ಗ ಯಾಕೆ ಅಂತ ಮಾತ್ರೆ ಬಿಟ್ರು. ಅವತ್ತು ಬಾಯಿ ಮುಚ್ಕೊಂಡಿದ್ದೆ. ಇವತ್ತು ಕೇಳ್ತೀನಿ, ಹೇಳಿ. ಆ ಬೂದುಗುದುರೆ ಪಳಗಿ ಎಷ್ಟು ಕಾಲ ಆಯ್ತು? ಮೇಯಕ್ಕೆ ಬಿಡುವಾಗ ಒಂದಿನಾದ್ರೂ ಹಗ್ಗ ಹಾಕೋದು ಬಿಟ್ಟಿದ್ರಾ ಅವರು?"

ಜುಮಾಶ್ ಅಂಗಳದಾಚೆಯ ಇಳಿಜಾರಿನತ್ತ ನೋಡಿದ. ಎಸೆನ್ ಕೂಡ ನೋಡಿದ. ಆಮೇಲೆ ಕೋಲನ್ನು ಚಿಕ್ಕಪ್ಪನ ಕೈಗೆ ಕೊಟ್ಟು, ಕಂಬಳಿಯ ಮೇಲೆ ಕೂತು, ಕರಿ ಕೋಟಿನ ತೋಳು ಕಳಚತೊಡಗಿದ.

ಇಳಿಜಾರಿನ ಎಳೆಹುಲ್ಲಿನಲ್ಲಿ ಬೂದುಗುದುರೆ ಜೋಡಿಸಿ ಕಟ್ಟಿದ ಮುಂಗಾಲುಗಳನ್ನು ಒಟ್ಟಿಗೆ ಎತ್ತಿಟ್ಟು ಮೆಲ್ಲಗೆ ಮೇಯುತ್ತಿತ್ತು. ಮುದುಕ ಬಿಗಿದ ಗಂಟನ್ನು ಯಾರೂ ಇನ್ನೂ ಬಿಚ್ಚಿರಲಿಲ್ಲ.